ಗಾಯೋ! ಗಾಯೋ!

ಮಗ ಮೀನು ಹಿಡಿಯುವ ವಿಷಯವನ್ನು ನಾನು ಊರಿನಲ್ಲಿ ಬಹುಕಾಲ ಮುಚ್ಚಿಟ್ಟಿದ್ದೆ. ಮೀನು ಹಿಡಿಯುವುದು ಅವಮಾನವೆಂದಲ್ಲ. ಗಂಗೊಳ್ಳಿಯಲ್ಲಿ ಹುಟ್ಟಿದವನಿಗೆ ಅಂಥ ಬಿಗುಮಾನ ಒಪ್ಪುವುದೂ ಇಲ್ಲ. ತೊಂದರೆ ಇರುವುದು ಎರಡನೆಯ ಪ್ರಶ್ನೆಯಲ್ಲಿ. ಹಿಡಿದ ಮೀನನ್ನು ಏನು ಮಾಡುತ್ತಾನೆ ಎಂದು ಕೇಳಿಯೇ ಕೇಳುತ್ತಾರೆ. ಎತ್ತಿಕೊಂಡು ಫೋಟೊ ತೆಗೆಸಿಕೊಂಡು, ಮೈ ಸವರಿ, ಪುನಃ ನೀರಿಗೆ ಬಿಡುತ್ತಾನೆ ಎಂದು ಹೇಳಿದರೆ ಬಂದರಿನಲ್ಲಿ ನನ್ನ ಮರ್ಯಾದೆ ಏನಾಗಬೇಕು? ಅಮೆರಿಕ ಸೇರಿದ ಮಕ್ಕಳ ತಲೆಯ ಬಗ್ಗೆ ಊರವರಿಗೆ ಮೊದಲೇ ನೂರೆಂಟು ಅನುಮಾನ.

ಕೊನೆಗೆ ಈರುಳ್ಳಿಯನ್ನೂ ಮುಟ್ಟದ ಶಿವಮೊಗ್ಗದ ಗೆಳೆಯರೊಬ್ಬರಲ್ಲಿ ಹೊಟ್ಟೆಯೊಳಗಿನದನ್ನು ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಇದು ಸಸ್ಯಾಹಾರಿ ಮೀನುಗಾರಿಕೆ. ನಾನೂ ಮಾಡಬಹುದಲ್ಲ" ಎಂದರು. ಅವರ ಮುಖದಲ್ಲಿ ಅಷ್ಟೊಂದು ಆಸೆ ಕಂಡದ್ದು ಅದೇ ಮೊದಲು.

ಫ್ಲೈ ಫಿಶಿಂಗ್ ಅಂದರೆ ನೊಣ ಕಟ್ಟಿ ಮೀನು ಹಿಡಿಯುವುದು ಎಂದು ನಾನು ತಿಳಿದಿದ್ದೆ. ಹೊಳೆಯ ಟ್ರೌಟ್ ಮೀನಿನ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ನೀರಿನ ಮೇಲೆ ಹುಳ ಕೂತಿದೆ ಎಂದು ನಂಬಿ ಅದು ಮೋಸಹೋಗುತ್ತದೆ. ಆದರೆ ಕಡಲಿನಲ್ಲಿ ನೊಣಕ್ಕೇನು ಕೆಲಸ? ಕಡಲಿನ ಫ್ಲೈ ನೊಣವಲ್ಲ, ಸಣ್ಣ ಮೀನಿನ ವೇಷ. ಸ್ಯಾನ್ ಡಿಯೇಗೋದ ಮನೆಯಲ್ಲಿ ಮಗನ ಮೇಜು ರಾತ್ರಿ ಹತ್ತರ ಮೇಲೆ ಯಕ್ಷಗಾನದ ಚೌಕಿಯಾಗುತ್ತದೆ. ಕೊಕ್ಕೆಯನ್ನು ಪುಟ್ಟದೊಂದು ಇಕ್ಕುಳಕ್ಕೆ ಸಿಕ್ಕಿಸಿ, ಜಿಂಕೆಯ ಬಾಲದ ಕೂದಲು, ಮಿಂಚುವ ಎಳೆ, ಹುಂಜದ ಕತ್ತಿನ ಗರಿ ಎಲ್ಲವನ್ನೂ ದಾರದಲ್ಲಿ ಸುತ್ತಿ ಸುತ್ತಿ ಬಿಗಿಯುತ್ತಾನೆ. ಕೊನೆಗೆ ಎರಡು ಸೀಸದ ಕಣ್ಣು. ಈ ಕಣ್ಣಿನ ಉಪಾಯ 1980ರ ದಶಕದ್ದು. ಪೆನ್ಸಿಲ್ವೇನಿಯಾದ ಬಾಬ್ ಕ್ಲೌಸರ್ ಎಂಬವರು ತಮ್ಮೂರಿನ ಹೊಳೆಯ ಮೀನಿಗೆಂದು ಮಾಡಿದ್ದು ಈಗ ಜಗತ್ತಿನ ಎಲ್ಲ ಕಡಲುಗಳಲ್ಲೂ ಈಜುತ್ತಿದೆ. ನನ್ನ ಹೆಂಡತಿ ಮೊದಲ ವಾರ ಇದನ್ನೆಲ್ಲ ಕಸೂತಿ ಎಂದೇ ನಂಬಿ, ಮಗನಿಗೆ ಒಳ್ಳೆಯ ಹವ್ಯಾಸ ಹತ್ತಿತಲ್ಲ ಎಂದು ಸಂತೋಷಪಟ್ಟಿದ್ದಳು.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ನಮ್ಮ ಗಾಳದಲ್ಲಿ ತುದಿಗೆ ಭಾರ. ಬೀಸಿದರೆ ಭಾರ ಹಾರುತ್ತದೆ, ದಾರ ಹಿಂದೆ ಹೋಗುತ್ತದೆ. ಇವರದು ತಲೆಕೆಳಗು. ತುದಿಯಲ್ಲಿರುವುದು ಗರಿ, ಸೀಸದ ಕಣ್ಣಿದ್ದರೂ ಅದರ ತೂಕ ಲೆಕ್ಕಕ್ಕಿಲ್ಲ. ತೂಕವೆಲ್ಲ ದಾರಕ್ಕೆ. ಹತ್ತನೇ ನಂಬರಿನ ದಾರವಾದರೆ ಮೊದಲ ಮೂವತ್ತು ಅಡಿ 280 ಗ್ರೇನ್ ತೂಗಬೇಕೆಂದು ಅವರ ಶಾಸ್ತ್ರ. ಒಂದು ತೊಲಕ್ಕೆ 180 ಗ್ರೇನ್. ಅಂದರೆ ಒಂದೂವರೆ ತೊಲಕ್ಕೂ ಒಂದು ಚೂರು ಹೆಚ್ಚು. ಒಂದೂವರೆ ತೊಲದ ಹಗ್ಗವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ಅದರ ಸುರುಳಿ ಬಿಚ್ಚಿಕೊಳ್ಳುವ ರಭಸದಲ್ಲಿ ಗರಿಯೊಂದನ್ನು ಎಪ್ಪತ್ತು ಎಂಬತ್ತು ಅಡಿ ದೂರ ಇಳಿಸುವ ಕಸರತ್ತು ಇದು. ಕೋಣದ ಬೆನ್ನಿಗೆ ಬೀಸುವ ಬಾರುಕೋಲಿನ ಲೆಕ್ಕವೇ, ಕೋಣ ಮಾತ್ರ ಇಲ್ಲ. ಗಾಳಿ ಬಂತೋ, ಗರಿ ಮೀನನ್ನು ಬಿಟ್ಟು ಬೀಸಿದವನನ್ನೇ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಈ ಜನರ ಬದುಕಿನಲ್ಲಿ ಗಾಳಿಗಿಂತ ದೊಡ್ಡ ದೇವರಿಲ್ಲ.

ಕಳೆದ ಬಾರಿ ನಾವು ಅಲ್ಲಿಗೆ ಹೋದದ್ದು ಜೂನ್ ತಿಂಗಳಲ್ಲಿ. ಜೂನ್ ಎಂದರೆ ನಮ್ಮ ಕರಾವಳಿಯಲ್ಲಿ ಕಡಲಿಗೆ ಬೀಗ. ಒಂದನೇ ತಾರೀಕಿನಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಒರಗಿಕೊಂಡು ತೂಕಡಿಸುತ್ತವೆ. ಗಂಡಸರು ಬಲೆ ಹೆಣೆಯುತ್ತಾ ರಾಜಕೀಯ ಮಾತಾಡುತ್ತಾರೆ. ಆ ತಿಂಗಳಿನಲ್ಲಿ ಮೀನು ಹಿಡಿಯಲು ಹೋಗುವುದೆಂದರೆ ನನ್ನ ಮೈಯೇ ಒಪ್ಪಲಿಲ್ಲ. ಮಗ, "ಅಪ್ಪಾ, ಅಲ್ಲಿ ಇದೇ ಸರಿಯಾದ ಕಾಲ. ಬಾಹಾದ ಪೂರ್ವ ಕರಾವಳಿ, ಜೂನ್, ರೂಸ್ಟರ್ ಫಿಶ್" ಎಂದ, ನಾವು ಕಾಶಿ, ಕಾರ್ತಿಕ, ಗಂಗಾಸ್ನಾನ ಎನ್ನುವ ಹಾಗೆ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು ನಾನು. ಉತ್ತರ ಅಮೆರಿಕದ ನಕ್ಷೆ ಬರೆಯುವಾಗ ಎಡಗಡೆ ಹಾಗಲಕಾಯಿಯ ಹಾಗೆ ಜೋತುಬಿದ್ದ ಈ ಬಾಹಾ ಕ್ಯಾಲಿಫೋರ್ನಿಯಾವನ್ನು ಎಷ್ಟು ಸಲ ಬರೆದಿದ್ದೇನೋ. ಮಕ್ಕಳು ಸಾಮಾನ್ಯವಾಗಿ ಮರೆಯುತ್ತಿದ್ದರು. ನಾನು ಅರ್ಧ ಅಂಕ ಕಡಿಮೆ ಮಾಡುತ್ತಿದ್ದೆ. ಆ ಮಕ್ಕಳಿಗಿಂತ ದೊಡ್ಡವರೂ ತಪ್ಪಿದ್ದಾರೆ. 1539ರಲ್ಲೇ ಫ್ರಾನ್ಸಿಸ್ಕೊ ದೆ ಉಯೋವಾ ಎಂಬ ನಾವಿಕ ಕ್ಯಾಲಿಫೋರ್ನಿಯಾ ಕೊಲ್ಲಿಯ ತುದಿಯವರೆಗೆ ಹೋಗಿ ಇದು ನೆಲಕ್ಕೆ ಅಂಟಿಕೊಂಡದ್ದು ಎಂದು ಕಂಡು ಬಂದಿದ್ದ. ಆದರೂ ಹದಿನೇಳನೇ ಶತಮಾನದ ನಕ್ಷೆಗಾರರು ಕ್ಯಾಲಿಫೋರ್ನಿಯಾವನ್ನು ದ್ವೀಪವೆಂದೇ ಬರೆದರು. 1747ರಲ್ಲಿ ಸ್ಪೇನಿನ ದೊರೆಯೇ ಅದು ದ್ವೀಪವಲ್ಲ ಎಂದು ಆಜ್ಞೆ ಹೊರಡಿಸಬೇಕಾಯಿತು. ಆ ದೊರೆ ಅರ್ಧ ಅಂಕ ಕಡಿಮೆ ಮಾಡಿದ್ದರೆ ಬೇಗ ಸರಿಹೋಗುತ್ತಿತ್ತೋ ಏನೋ.

ಸ್ಯಾನ್ ಡಿಯೇಗೋದಿಂದ ಗಡಿ ದಾಟುವ ಕಾಲುಸೇತುವೆಯೊಂದಿದೆ. ಈಚೆ ಅಮೆರಿಕ, ಆಚೆ ತಿಹುವಾನದ ವಿಮಾನ ನಿಲ್ದಾಣ. ಅಲ್ಲಿಂದ ಹಾಗಲಕಾಯಿಯ ತುದಿಗೆ ಹಾರಿ, ಸಾನ್ ಹೋಸೆಯಲ್ಲಿ ಇಳಿದು, ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಎರಡೂ ಕಡೆ ಆಳೆತ್ತರದ ಕಳ್ಳಿ. ಸಾಂತಿಯಾಗೊ ಎಂಬ ಊರಿನ ಹತ್ತಿರ ರಸ್ತೆಯ ಪಕ್ಕದಲ್ಲಿ ದೊಡ್ಡದೊಂದು ಗೋಲ ಕಂಡಿತು. ಕರ್ಕಾಟಕ ಸಂಕ್ರಾಂತಿ ವೃತ್ತ! ನಾನು ಕೂಗಿದ ಕೂಗಿಗೆ ಮಗ ಬ್ರೇಕ್ ಹಾಕಿದ. ಭಾರತದಲ್ಲಿ ಈ ರೇಖೆ ಹಾಯುವ ರಾಜ್ಯಗಳ ಹೆಸರನ್ನು ಸಾವಿರಾರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಮೊದಲು ಏಳಿದ್ದವು, 2000ದಲ್ಲಿ ಛತ್ತೀಸಗಢ, ಝಾರ್ಖಂಡ್ ಹುಟ್ಟಿ ಎಂಟಾದವು. ನನ್ನ ಟಿಪ್ಪಣಿಯನ್ನೆಲ್ಲ ತಿದ್ದಬೇಕಾಯಿತು. ಆದರೆ ಆ ರೇಖೆಯ ಮೇಲೆ ಕಾಲಿಟ್ಟಿರಲಿಲ್ಲ. ಜೂನ್ ಮೂರನೇ ವಾರ, ನಡುಮಧ್ಯಾಹ್ನ. ನನ್ನ ನೆರಳು ಚಪ್ಪಲಿಯ ಕೆಳಗೆ ಅಡಗಿಕೊಂಡಿತ್ತು. ಹೆಂಡತಿ ಕಾರಿನಿಂದ ಇಳಿಯದೆ, "ಸಾಕು ಬನ್ನಿ, ತಲೆ ಸುಡತ್ತೆ" ಎಂದಳು. ಮಗ ಮಾತ್ರ ನನ್ನ ನೆರಳನ್ನು ಬಹಳ ಗೌರವದಿಂದ ನೋಡಿದ. ಭೂಗೋಳದ ಮೇಲಿನ ಗೌರವವಲ್ಲ ಅದು. ಸೂರ್ಯ ನೆತ್ತಿಯ ಮೇಲಿದ್ದರೆ ನೀರಿನೊಳಗೆ ಮೀನು ಕಾಣುತ್ತದೆ, ಹಿಡಿಯುವವನ ನೆರಳು ಮೀನಿನ ಮೇಲೆ ಬೀಳುವುದಿಲ್ಲ.

ಲೋಸ್ ಬಾರಿಲೆಸ್ ಎಂಬ ಊರಿನಲ್ಲಿ ಬಾಡಿಗೆ ಮನೆ. ಎದುರಿಗೇ ಕೊರ್ತೆಸ್ ಸಮುದ್ರ, ಅಂದರೆ ನಕ್ಷೆಯ ಕ್ಯಾಲಿಫೋರ್ನಿಯಾ ಕೊಲ್ಲಿ. ಕಡಲಿನ ಸಂಶೋಧಕ ಕುಸ್ತೋ ಇದನ್ನು ಜಗತ್ತಿನ ಅಕ್ವೇರಿಯಂ ಎಂದು ಹೊಗಳಿದರಂತೆ. ಊರಿನ ಅರ್ಧಕ್ಕರ್ಧ ಅಂಗಡಿಗಳಲ್ಲಿ ಈ ಮಾತಿನ ಟೀ ಶರ್ಟ್ ಸಿಗುತ್ತದೆ. ಅಲ್ಲಿ ಮಗನ ಇನ್ನಿಬ್ಬರು ಗೆಳೆಯರು ಸೇರಿಕೊಂಡರು. ಊಟಕ್ಕೆ ಕೂತ ಮೇಲೆ ಮೂವರೂ ಒಂದೇ ವಿಷಯ ಹಿಡಿದರು. ನೀರಿನ ಬಿಸಿ ಎಷ್ಟು, ಗಾಳಿ ಎತ್ತಲಿಂದ, ನೀರು ತಿಳಿಯೋ ಹಸಿರೋ, ಸಾರ್ದಿನಾ ದಡಕ್ಕೆ ಬಂದಿದೆಯೋ, ಚಂದ್ರ ಯಾವ ತಿಥಿಯಲ್ಲಿದ್ದಾನೆ, ಭರತ ಎಷ್ಟು ಹೊತ್ತಿಗೆ. ಇದಕ್ಕೆಲ್ಲ ಸೇರಿ ಅವರು ಹೇಳುವ ಪದ 'ಕಂಡಿಶನ್ಸ್'. ಎರಡು ತಾಸು ಕೇಳಿದ ಮೇಲೆ ನನಗೆ ಹೊಳೆಯಿತು: ಇವರು ಹುಡುಕುತ್ತಿರುವುದು ಹದವನ್ನು.

ಹದ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳುವ ಮಣ್ಣಿಗೊಂದು ಹದ, ಬೆಲ್ಲದ ಪಾಕಕ್ಕೊಂದು ಹದ, ಚಂಡೆಯ ಚರ್ಮಕ್ಕೊಂದು ಹದ. ನನ್ನ ಹೆಂಡತಿಗೆ ದೋಸೆ ಹಿಟ್ಟಿನ ಹದ ಪಾತ್ರೆಯ ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗುತ್ತದೆ. ಆದರೆ ಹದಕ್ಕೆ ಒಂದು ಗುಣವಿದೆ: ಅದು ತಪ್ಪಿದಾಗಲೇ ಜಾಸ್ತಿ ಮಾತಿಗೆ ಬರುವುದು. ದೋಸೆ ಚೆನ್ನಾಗಿ ಬಂದರೆ ಮಾಡಿದವರ ಕೈಗುಣ. ಬಾರದಿದ್ದರೆ ಹವೆ ತಂಪು, ಅಕ್ಕಿ ಹೊಸತು, ಉದ್ದು ಹಳತು. ಮೀನಿನವರದೂ ಇದೇ ನ್ಯಾಯ. ಸಿಕ್ಕಿದ ಮೀನಿನ ಕಥೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಸಿಗದ ಮೀನಿಗೆ ಕಾರಣ ಹೇಳಲು ಗಾಳಿ, ಬಿಸಿಲು, ಚಂದ್ರ, ಪೆಸಿಫಿಕ್ ಮಹಾಸಾಗರ ಎಲ್ಲವನ್ನೂ ಕರೆಸಬೇಕಾಗುತ್ತದೆ.

ಬೆಳಿಗ್ಗೆ ಐದಕ್ಕೆ ದಡದಲ್ಲಿ ಕ್ಯಾಪ್ಟನ್ ಕಾಯುತ್ತಿದ್ದ. ಕ್ಯಾಪ್ಟನ್ ಎಂದರೆ ಬಿಳಿ ಟೊಪ್ಪಿಯವನನ್ನು ಕಲ್ಪಿಸಿಕೊಂಡಿದ್ದೆ. ಬರಿಗಾಲಿನ, ಬನಿಯನ್ನಿನ, ಬಾಯಿಯಲ್ಲಿ ಕಡ್ಡಿ ಕಚ್ಚಿದ ಅರವತ್ತರ ಮುದುಕ. ಗಂಗೊಳ್ಳಿಯಲ್ಲಿ ಇವನಂಥವರು ಇಪ್ಪತ್ತು ಜನರನ್ನು ನಾನು ಹೆಸರು ಹಿಡಿದು ಕರೆಯಬಲ್ಲೆ. ಅವನ ದೋಣಿ 'ಪಾಂಗಾ' ಕೂಡ ನಮ್ಮ ಔಟ್‌ಬೋರ್ಡ್ ನಾಡದೋಣಿಯ ದಾಯಾದಿ. ಮೀನು ಹಿಡಿಯುವ ಸಾಮಾನಿರುವ ದೋಣಿಯಲ್ಲಿ ಕೂತವರೆಲ್ಲ ಲೈಸೆನ್ಸ್ ಮಾಡಿಸಬೇಕೆಂಬುದು ಮೆಕ್ಸಿಕೋದ ಕಾನೂನು. ಹಾಗಾಗಿ ಅರವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಅಧಿಕೃತ ಮೀನುಗಾರನಾದೆ. ನಮ್ಮ ಅಜ್ಜ ಬದುಕಿಡೀ ಅನಧಿಕೃತವಾಗಿಯೇ ಹಿಡಿದು ಹೋದ.

ಮಗನ ಬಳಿ ಗಾಳಿ ತೋರಿಸುವ ಆ್ಯಪ್ ಇತ್ತು. ಪರದೆಯ ತುಂಬ ಹಸಿರು, ಹಳದಿ, ಕೆಂಪು ಬಾಣಗಳು. ಹನ್ನೊಂದರವರೆಗೆ ಗಾಳಿ ಇಲ್ಲ ಎಂದು ಅದು ಹೇಳಿತು. ಕ್ಯಾಪ್ಟನ್ ಅದನ್ನು ನೋಡಲೇ ಇಲ್ಲ; ಬಂಡೆಯ ಮೇಲೆ ಸಾಲಾಗಿ ಕೂತ ಪೆಲಿಕನ್ ಹಕ್ಕಿಗಳನ್ನು ನೋಡಿದ, ಬಾಯಿಯ ಕಡ್ಡಿಯನ್ನು ಬಲದಿಂದ ಎಡಕ್ಕೆ ಸರಿಸಿದ, ಏನೋ ಒಂದು ಮಾತು ಹೇಳಿದ. ಒಂಬತ್ತಕ್ಕೆ ಗಾಳಿ ಎದ್ದಿತು. ಮಗ ಆ್ಯಪ್ ಬದಲಾಯಿಸಿದ.

ಈ ಗಾಳಿಗಳ ವಂಶಾವಳಿಯೇ ಒಂದು ಪುರಾಣ. ನವೆಂಬರಿನಿಂದ ಮಾರ್ಚಿನವರೆಗೆ ಕೊಲ್ಲಿಯ ಉದ್ದಕ್ಕೂ ಉತ್ತರದಿಂದ ಬೀಸುವುದು 'ಎಲ್ ನೋರ್ತೆ'. ವಾರಗಟ್ಟಲೆ ಬಿಡದೆ ಹೊಡೆದು ನೀರನ್ನು ಕಲಕಿ ತಣ್ಣಗೆ ಮಾಡುತ್ತದೆ. ಗರಿ ಬೀಸುವವರೆಲ್ಲ ಆಗ ಮನೆಯಲ್ಲಿ ಗರಿ ಕಟ್ಟುತ್ತಾರೆ. ಅದೇ ಗಾಳಿಗೆಂದೇ ಪಟಕ್ಕೆ ಜೋತುಬಿದ್ದು ನೀರಿನ ಮೇಲೆ ಜಾರುವ ಜನ ಜಗತ್ತಿನ ನಾನಾ ಕಡೆಯಿಂದ ಇದೇ ಲೋಸ್ ಬಾರಿಲೆಸ್‌ಗೆ ಬಂದು ಬೀಡುಬಿಡುತ್ತಾರೆ. ಒಬ್ಬನ ಹದಗೇಡು ಇನ್ನೊಬ್ಬನ ಹದ. ಮೇಲಿನ ಲಾ ಪಾಸ್ ಪಟ್ಟಣದಲ್ಲಿ ಬೇಸಿಗೆಯ ಸಂಜೆಗಳಲ್ಲಿ ಪೆಸಿಫಿಕ್ ಕಡೆಯಿಂದ ಬೆಟ್ಟದ ಸಂದಿಯಲ್ಲಿ ನುಸುಳಿ ಬರುವ ತಂಗಾಳಿಗೆ 'ಕೊರೊಮುವೆಲ್' ಎಂದು ಹೆಸರು. ಕ್ರಾಮ್‌ವೆಲ್ ಎಂಬ ಕಡಲುಗಳ್ಳನ ಹೆಸರು ಸ್ಥಳೀಯರ ಬಾಯಲ್ಲಿ ಹಾಗಾಯಿತು ಎನ್ನುತ್ತದೆ ಅಲ್ಲಿಯ ಕಥೆ. ಊರಿಡೀ ಸೆಕೆಯಲ್ಲಿ ಬೇಯುವಾಗ ಆ ಕಳ್ಳನ ಹೆಸರು ಹೇಳಿ ಜನ ಕಿಟಕಿ ತೆರೆಯುತ್ತಾರೆ. ಮೀನಿನವರು ಮಾತ್ರ ಬೆಳಗಿನವರೆಗೂ ಬಿಡದ ಆ ಗಾಳಿಗೆ ಶಾಪ ಹಾಕುತ್ತಾರೆ. ಇವೆಲ್ಲಕ್ಕೂ ಅಣ್ಣ 'ಚುಬಾಸ್ಕೊ', ಬೇಸಿಗೆ ಕೊನೆಯ ಬಿರುಗಾಳಿ. ಅದಕ್ಕೂ ದೊಡ್ಡದು ಬಂದರೆ ಅದು ಚಂಡಮಾರುತ. 2014ರ ಸೆಪ್ಟೆಂಬರಿನಲ್ಲಿ ಬಂದ ಓಡೀಲ್ ಈ ತುದಿಯನ್ನು ಹಿಂಡಿ ಹಾಕಿತ್ತು. ಅದರ ಮಾತೆತ್ತಿದಾಗ ಕ್ಯಾಪ್ಟನ್ ಬಾಯಿಂದ ಕಡ್ಡಿ ತೆಗೆದ. ಐದು ದಿನದಲ್ಲಿ ಅವನು ಕಡ್ಡಿ ತೆಗೆದದ್ದು ಅದೊಂದೇ ಸಲ.

ನನ್ನ ಮಟ್ಟಿಗೆ ದೊಡ್ಡ ಅಚ್ಚರಿ ಎಲ್ ನಿನೋ. ನಮ್ಮ ರೇಡಿಯೋದಲ್ಲಿ ಮಳೆ ಕೈಕೊಟ್ಟ ವರ್ಷ ಮಾತ್ರ ಕೇಳಿಬರುವ ಹೆಸರು ಅದು. ಪೆರುವಿನ ಮೀನುಗಾರರು, ಕ್ರಿಸ್‌ಮಸ್ ಹೊತ್ತಿಗೆ ಬರುವ ಬಿಸಿನೀರಿನ ಪ್ರವಾಹಕ್ಕೆ ಬಾಲ ಯೇಸುವಿನ ನೆನಪಿನಲ್ಲಿ ಇಟ್ಟದ್ದು ಎಂದು ಪಾಠ ಮಾಡಿದ್ದೇನೆ. ಅದನ್ನು ಪ್ರೀತಿಯಿಂದ ಹೇಳುವವರನ್ನು ಕಂಡದ್ದು ಇಲ್ಲಿಯೇ. "2015 ಅಂದರೆ ಏನು ವರ್ಷ ಅಂಕಲ್! ನೀರು ಬೆಚ್ಚಗಾಗಿ ದೊರಾಡೊ, ಟ್ಯೂನಾ ಎಲ್ಲ ಸ್ಯಾನ್ ಡಿಯೇಗೋದ ಬಾಗಿಲಿಗೇ ಬಂದಿದ್ದವು" ಎಂದ ಮಗನ ಗೆಳೆಯ, ಕಣ್ಣು ಅರಳಿಸಿ. ಅದೇ 2015ರಲ್ಲಿ ಕರ್ನಾಟಕದಲ್ಲಿ ಬರ. ಒಂದೇ ನೀರು ಅಲ್ಲಿ ಬೆಚ್ಚಗಾದರೆ ಅವನಿಗೆ ಹಬ್ಬ, ನಮಗೆ ಒಣಗಿದ ಕೆರೆ. ಹೇಳಬೇಕೆಂದುಕೊಂಡೆ, ಅವನು ಆಗಲೇ ಆ ವರ್ಷದ ಮೀನಿನ ಉದ್ದವನ್ನು ಎರಡೂ ಕೈ ಚಾಚಿ ತೋರಿಸುತ್ತಿದ್ದ, ದೋಣಿಯಲ್ಲಿ ಜಾಗ ಸಾಲದೆ ನಾನು ಬಗ್ಗಬೇಕಾಯಿತು.

ಎರಡನೇ ದಿನ ಗಾಳಿ ಇರಲಿಲ್ಲ. ಕಡಲು ಎಣ್ಣೆ ಹೊಯ್ದ ಹಾಗಿತ್ತು. ಇವತ್ತು ಆಯಿತು ಎಂದುಕೊಂಡೆ. ಆದರೆ ನೀರು ಹಸಿರಾಗಿತ್ತು. ಹಿಂದಿನ ಗಾಳಿಗೆ ಆಳದ ತಣ್ಣೀರು ಮೇಲೆದ್ದು, ಅದರೊಂದಿಗೆ ಪಾಚಿಯ ಕಣಗಳೂ ಹೆಚ್ಚಿ, ಹೆಸರುಬೇಳೆ ಕಟ್ಟಿನ ಬಣ್ಣ. ಮೀನಿಗೆ ಗರಿ ಕಾಣುವುದಿಲ್ಲ, ಇವರಿಗೆ ಮೀನು ಕಾಣುವುದಿಲ್ಲ. ಮೂರನೇ ದಿನ ಗಾಳಿಯೂ ಇಲ್ಲ, ನೀರೂ ತಿಳಿ. ಆದರೆ ಸಾರ್ದಿನಾ ಮಾರುವವನು ಕೈಯಲ್ಲಾಡಿಸಿ "ನೋ ಐ" ಎಂದ, ಇಲ್ಲ ಎಂದರ್ಥ. ಸಾರ್ದಿನಾ ಎಂದರೆ ನಮ್ಮ ಬೈಗೆಯ ಬಳಗ. ಅದನ್ನು ಜೀವಂತ ಚೆಲ್ಲಿದರೆ ದೊಡ್ಡ ಮೀನು ಕೆರಳಿ ಮೇಲೆ ಬರುತ್ತವೆ. ಆ ಗಲಾಟೆಯ ನಡುವೆ ಗರಿಯ ಸಾರ್ದಿನಾವನ್ನು ಇಳಿಸುವುದು ಇವರ ತಂತ್ರ. ನಿಜವಾದ ಮೀನು ಹಾಕಿ ಕರೆದು ಸುಳ್ಳು ಮೀನು ಬಡಿಸುವ ಈ ಉಪಚಾರಕ್ಕೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಅಸಲಿ ಬೈಗೆಯನ್ನೇ ಕೊಕ್ಕೆಗೆ ಕಟ್ಟಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಮೂವರೂ ಮುಖ ತಿರುಗಿಸಿದರು. ಮಡಿಯಲ್ಲಿರುವವರನ್ನು ಮುಟ್ಟಿದ ಹಾಗಾಯಿತು. ಕ್ಯಾಪ್ಟನ್ ಮಾತ್ರ, ಅವನಿಗೆ ಕನ್ನಡ ಬಾರದಿದ್ದರೂ, ನನ್ನ ಕಡೆ ನೋಡಿ ನಕ್ಕ.

ದಿನವೂ ದಡಕ್ಕೆ ಬಂದಾಗ ಅವನು ಹೇಳುತ್ತಿದ್ದ ಮಾತು ಒಂದೇ, "ಮಾನ್ಯಾನಾ, ಮೆಹೋರ್." ನಾಳೆ, ಇನ್ನೂ ಚೆನ್ನ. ನಮ್ಮ ಕಡೆ ಹಿಂದೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ. ರಾತ್ರಿ ಬಂದ ದೆವ್ವ ಓದಿಕೊಂಡು, ಒಳ್ಳೆಯ ಶಿಷ್ಯನ ಹಾಗೆ ದಿನವೂ ಹಿಂತಿರುಗುತ್ತಿತ್ತು. ಈ ಕಡಲಿನ ಬಾಗಿಲ ಮೇಲೂ ಅದೇ ಬರಹವಿರಬೇಕು. ಓದಿಕೊಂಡು ಹಿಂತಿರುಗುವ ದೆವ್ವಗಳು ತಲಾ ಒಂಬತ್ತು ಅಡಿಯ ರಾಡು ಹಿಡಿದಿದ್ದವು, ಅಷ್ಟೇ.

ಇವರು ಇಷ್ಟೆಲ್ಲ ತಪಸ್ಸು ಮಾಡುವುದು ಯಾವ ಮೀನಿಗಾಗಿ ಎಂದು ಬಿಡಿಸಿ ಹೇಳಲಿಲ್ಲ. ರೂಸ್ಟರ್ ಫಿಶ್, ಸ್ಪ್ಯಾನಿಷಿನಲ್ಲಿ ಪೆಸ್ ಗಾಯೊ, ಹುಂಜಮೀನು. ಬೆನ್ನಿನ ಮೇಲೆ ಏಳು ಉದ್ದನೆಯ ಮುಳ್ಳುಗಳ ಜುಟ್ಟು. ಸುಮ್ಮನಿರುವಾಗ ಅದನ್ನು ಬೆನ್ನಿನ ಗೀರಿನೊಳಗೆ ಮಡಚಿಟ್ಟುಕೊಂಡು, ಬೇಟೆಯ ಹೊತ್ತಿಗೆ ಎತ್ತುತ್ತದೆ. ಅಮೆರಿಕ ಖಂಡಗಳ ಪೆಸಿಫಿಕ್ ದಂಡೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದರ ಕುಟುಂಬದಲ್ಲಿ ಅದೊಂದೇ ಜಾತಿ, ಅಣ್ಣತಮ್ಮಂದಿರಿಲ್ಲದ ಒಂಟಿ ಹುಂಜ. ಇನ್ನೊಂದು ವಿಶೇಷವೆಂದರೆ ಅದರ ಗಾಳಿಚೀಲ ತಲೆಬುರುಡೆಯನ್ನು ಹೊಕ್ಕು ಒಳಗಿವಿಯನ್ನು ಮುಟ್ಟುತ್ತದೆ. ಹಾಗಾಗಿ ಕಿವಿ ಬಲು ಚುರುಕಿರಬೇಕೆಂದು ಮಗನ ಊಹೆ. ನಾನು ದೋಣಿಯಲ್ಲಿ ಬಾಯಿ ತೆರೆದಾಗಲೆಲ್ಲ ನೆನಪಿಸುತ್ತಿದ್ದ. ದಾಖಲೆಯ ಹುಂಜ 1960ರಲ್ಲಿ ಲಾ ಪಾಸಿನ ಬಳಿ ಸಿಕ್ಕಿದ್ದು, 114 ಪೌಂಡ್, ಸುಮಾರು 52 ಕಿಲೊ. ಕೋಳಿ ಅಂಕಕ್ಕೆ ಬಿಟ್ಟರೆ ಎದುರು ನಿಲ್ಲುವವರಿಲ್ಲ. ಹುಂಜದ ಗರಿ ತೋರಿಸಿ ಹುಂಜವನ್ನೇ ಹಿಡಿಯಲು ಹೋಗುವುದರಲ್ಲಿ ಏನೋ ಧರ್ಮಸಂಕಟವಿದೆ ಎಂದು ನನಗೆ ಅನಿಸಿದ್ದುಂಟು; ಕಿವಿಯ ಸಂಗತಿ ತಿಳಿದಮೇಲೆ ಗಟ್ಟಿಯಾಗಿ ಹೇಳಲಿಲ್ಲ.

ನಾಲ್ಕನೇ ದಿನ ದೋಣಿ ಬಿಟ್ಟು ದಡದಲ್ಲಿ ನಡೆಯುವುದೆಂದು ತೀರ್ಮಾನವಾಯಿತು. ಈ ಕರಾವಳಿಯಲ್ಲಿ ಆಳ ಬಹಳ ಹತ್ತಿರ. ಕಲ್ಲೆಸೆದ ದೂರದಲ್ಲೇ ತಿಳಿನೀಲಿ ಗಾಢನೀಲಿಯಾಗುತ್ತದೆ. ದೊಡ್ಡ ಹುಂಜಗಳು ಆ ಅಂಚಿನಲ್ಲಿ, ಕೆಲವೊಮ್ಮೆ ಮೊಣಕಾಲು ನೀರಿನಲ್ಲಿ, ದಡದುದ್ದಕ್ಕೂ ಗಸ್ತು ತಿರುಗುತ್ತವೆ. ಮಗ ಸೊಂಟಕ್ಕೆ ಪಾತ್ರೆ ತೊಳೆಯುವ ಟಬ್ಬಿನಂಥದ್ದನ್ನು ಕಟ್ಟಿಕೊಂಡ. ಎಳೆದ ದಾರ ಕಾಲಿಗೆ ಸುತ್ತದಂತೆ ಅದರೊಳಗೆ ಬೀಳಬೇಕು. ದೂರದಿಂದ ನೋಡಿದರೆ ಸಂತೆಗೆ ಮೀನು ಮಾರಲು ಹೊರಟವನ ಹಾಗೆ ಕಾಣುತ್ತಿದ್ದ. ಬುಟ್ಟಿಯ ಜಾಗ ಮಾತ್ರ ತಲೆಯಿಂದ ಸೊಂಟಕ್ಕೆ ಇಳಿದಿತ್ತು. ನನಗೂ ಒಂದು ರಾಡು, ಒಂದು ಟಬ್ಬು. ಅರ್ಧ ಗಂಟೆ ಮರಳಿನ ಮೇಲೆ ಬೀಸಲು ಕಲಿಸಿದ. ಮೊದಲ ಬೀಸಿಗೆ ನನ್ನ ಟೊಪ್ಪಿ ಹೋಯಿತು. ಎರಡನೆಯದಕ್ಕೆ ಕಳ್ಳಿಗಿಡವೊಂದು ಸಿಕ್ಕಿತು, ಒಳ್ಳೆಯ ಗಾತ್ರದ್ದು. ಅದನ್ನು ಬಿಡುಗಡೆ ಮಾಡಲು ಹತ್ತು ನಿಮಿಷ ಹಿಡಿಯಿತು.

ಸೂರ್ಯ ನೆತ್ತಿಗೇರಿದ್ದ. ಗಾಳಿ ಇಲ್ಲ. ನೀರು ತಿಳಿ. ಸಣ್ಣ ಮೀನಿನ ಹಿಂಡು ದಡಕ್ಕೇ ಒತ್ತಿಕೊಂಡು ಹಪ್ಪಳ ಸಿಡಿದ ಹಾಗೆ ಚಟಪಟ ಎನ್ನುತ್ತಿತ್ತು. ಹದ ಎಂದರೆ ಹದ. ನನ್ನ ಬಾಲ್ಯದಲ್ಲಿ ರಾಂಪಣಿ ಬಲೆ ಎಳೆಯುವ ದಿನ ನೆನಪಾಯಿತು. ದಡದಲ್ಲಿ ನಿಂತ ಮುದುಕನೊಬ್ಬ ನೀರಿನ ಬಣ್ಣ ನೋಡುತ್ತಲೇ ಇರುತ್ತಿದ್ದ, ಗಂಟೆಗಟ್ಟಲೆ, ಏನೂ ಮಾಡದೆ. ಅವನು ಕೈಯೆತ್ತಿದರೆ ಐವತ್ತು ಅರವತ್ತು ಜನ ಎದ್ದು ಓಡುತ್ತಿದ್ದರು. ಅವನಿಗೆ ಕಾಣುತ್ತಿದ್ದದ್ದು ಏನೆಂದು ನಮಗೆ ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ಯಂತ್ರದ ದೋಣಿ, ಪರ್ಸೀನ್ ಬಲೆ ಬಂದವು, ರಾಂಪಣಿ ಹೋಯಿತು, ಆ ಮುದುಕನಿಗೆ ಕೆಲಸವಿಲ್ಲದಾಯಿತು. ಅವನು ಆಮೇಲೂ ಬಂದು ನಿಲ್ಲುತ್ತಿದ್ದ.

ಇಂಥ ಯೋಚನೆಯಲ್ಲಿದ್ದಾಗಲೇ ಕ್ಯಾಪ್ಟನ್ ಹಿಂದಿನಿಂದ ಕಿರುಚಿದ: "ಗಾಯೋ! ಗಾಯೋ!"

ಗಾಯ! ಯಾರಿಗೆ? ನಾನು ಗಾಬರಿಯಿಂದ ಮೊದಲು ನನ್ನ ಕಿವಿ ಮುಟ್ಟಿ ನೋಡಿಕೊಂಡೆ, ಆಮೇಲೆ ಮಗನ ಕಡೆ ತಿರುಗಿದೆ. ಅವನಿಗೂ ರಕ್ತವಿಲ್ಲ. ಕ್ಯಾಪ್ಟನ್ ಕಡಲಿನತ್ತ ಕೈ ಚಾಚಿ ಕುಣಿಯುತ್ತಿದ್ದ. "ಹುಂಜ ಅಪ್ಪಾ! ಹಾಕಿ! ನಿಮ್ಮ ಎದುರಿಗೇ!" ಎಂದು ಮಗ ಕೂಗಿದ. ನಾನು ಬೀಸಿದೆ. ಜೀವನದಲ್ಲಿ ಒಮ್ಮೆ ಮಾತ್ರ ಹಾಗೆ ಬೀಸಲು ಬರುತ್ತದೆ. ದಾರ ಹಿಂದೆ ಪೂರ್ತಿ ಬಿಚ್ಚಿಕೊಂಡಿತು, ಮುಂದೆ ಹೋಯಿತು, ಗರಿ ಐವತ್ತು ಅಡಿ ದೂರದಲ್ಲಿ ಸದ್ದಿಲ್ಲದೆ ಇಳಿಯಿತು. "ಎಳೀರಿ, ಬೇಗ ಬೇಗ ಎಳೀರಿ!" ಎಳೆದೆ. ಹಿಂದಿನಿಂದ ನೀರು ಉಬ್ಬಿತು. ಉಬ್ಬಿದ ನೀರನ್ನು ಸೀಳಿಕೊಂಡು ಏಳು ಕಪ್ಪು ಮುಳ್ಳುಗಳು ಮೇಲೆದ್ದವು. ಜುಟ್ಟು ಬಿಚ್ಚಿ, ಮೈಯ ಪಟ್ಟೆಗಳೆಲ್ಲ ಕಪ್ಪೇರಿ, ಬಣ್ಣದ ವೇಷವೊಂದು ಪರದೆ ಸರಿಸಿ ರಂಗಸ್ಥಳಕ್ಕೆ ಹಾರಿದ ಹಾಗೆ ಅದು ಬಂತು. ನಲವತ್ತು ಅಡಿ. ಇಪ್ಪತ್ತು. ಅದರ ಕಣ್ಣು ನನಗೆ ಕಂಡಿತು. ಅಂಥದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡುತ್ತಾ ನಿಂತೆ. ಎಳೆಯುವುದನ್ನು ಮರೆತು, ಟಬ್ಬಿನೊಳಗೆ ಕೈ ಇಳಿಬಿಟ್ಟುಕೊಂಡು, ಸುಮ್ಮನೆ ನೋಡುತ್ತಾ ನಿಂತೆ.

ಓಡುವ ಮೀನು ತಟ್ಟನೆ ನಿಂತರೆ ಅದು ಮೀನಲ್ಲವೆಂದು ಹುಂಜಕ್ಕೆ ಗೊತ್ತು. ಅದು ಗರಿಯ ಪಕ್ಕದಲ್ಲೇ ತಿರುಗಿ, ಬಾಲದಿಂದ ನನ್ನ ಮೊಣಕಾಲಿಗೆ ನೀರು ಎರಚಿ, ಜುಟ್ಟು ಮಡಚಿಕೊಂಡು ಹೊರಟುಹೋಯಿತು. ಹಿಂದಿನಿಂದ ಯಾರದ್ದೂ ಮಾತಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕ್ಯಾಪ್ಟನ್ನಿನ ದನಿ ಕೇಳಿತು: "ಮಾನ್ಯಾನಾ."

ಹೋದರೆ ಹೋಗಲಿ, ಸಿಕ್ಕಿದ್ದರೂ ಮಗನ ನಿಯಮದಂತೆ ಬಿಡಲೇಬೇಕಿತ್ತು ಎಂದು ಸಮಾಧಾನ ಮಾಡಿಕೊಂಡೆ. ಮೆಕ್ಸಿಕೋದಲ್ಲಿ ಹುಂಜಮೀನು, ದೊರಾಡೊ, ಮಾರ್ಲಿನ್ ಮೊದಲಾದವನ್ನು ದಡದಿಂದ ಐವತ್ತು ನಾಟಿಕಲ್ ಮೈಲಿಯೊಳಗೆ ವ್ಯಾಪಾರಕ್ಕೆ ಹಿಡಿಯುವ ಹಾಗಿಲ್ಲ, ಶೋಕಿಗೆ ಮಾತ್ರ. ಸ್ವಲ್ಪ ದಕ್ಷಿಣದ ಕಾಬೊ ಪುಲ್ಮೊದಲ್ಲಿ ಊರವರೇ ಮುಂದೆ ನಿಂತು ಹಿಡಿಯುವುದನ್ನೇ ಕೈಬಿಟ್ಟರು. 1995ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1999ರಿಂದ 2009ರ ನಡುವೆ ಅಲ್ಲಿಯ ಮೀನಿನ ಒಟ್ಟು ತೂಕ ಐದೂವರೆ ಪಟ್ಟಿಗಿಂತ ಹೆಚ್ಚಾಯಿತು ಎಂದು ಎಣಿಸಿದವರ ಲೆಕ್ಕ. ಬಲೆ ತೊಳೆದು ಸುಮ್ಮನೆ ಕೂತರೆ ಮೀನು ಬರುತ್ತದೆ ಎಂಬುದನ್ನು ಗಂಗೊಳ್ಳಿಯಲ್ಲಿ ಹೇಳಿದರೆ ಯಾರೂ ಅಲ್ಲಗಳೆಯುವುದಿಲ್ಲ. ಸುಮ್ಮನೆ ಕೂರುವ ಸರದಿ ಯಾರದು ಎಂಬಲ್ಲಿ ಜಗಳ ಶುರುವಾಗುತ್ತದೆ.

ಆ ಸಂಜೆ ಕ್ಯಾಪ್ಟನ್ ಮನೆಗೆ ಬಂದು, ಪತ್ರಿಕೆಯಲ್ಲಿ ಸುತ್ತಿದ ಒಂದು ಮೀನನ್ನು ನನ್ನ ಹೆಂಡತಿಯ ಕೈಗೆ ಕೊಟ್ಟ. 'ಸಿಯೆರ್ರಾ'. ಬೆಳ್ಳಿಯ ಮೈ, ಹಳದಿ ಚುಕ್ಕೆ, ಚೂಪು ಮೂತಿ. ಇವಳು ನೋಡಿದವಳೇ, "ಅಂಜಲ್!" ಎಂದಳು. ಅಂಜಲ್ ಅಲ್ಲ, ಆದರೆ ಅದೇ ಕುಲ. ಭೂಮಿಯ ಆಚೆ ಬದಿಯ ದೊಡ್ಡಪ್ಪನ ಮಗ. ಸ್ಯಾನ್ ಡಿಯೇಗೋದಿಂದ ಡಬ್ಬಿಯಲ್ಲಿ ತಂದಿದ್ದ ಮಸಾಲೆ ಹೊರಬಂತು. ಐದು ದಿನಗಳಲ್ಲಿ ಹದ ತಪ್ಪದ ಒಂದೇ ಒಂದು ಕೆಲಸ ನಡೆದದ್ದು ಆ ಬಾಣಲೆಯಲ್ಲಿ. ಗಾಳದವರು ಮೂವರೂ ಬಾಯಿಮುಚ್ಚಿ ತಿಂದರು. ಕ್ಯಾಪ್ಟನ್ ಮೂರನೇ ತುಂಡಿಗೆ ಕೈ ಹಾಕುತ್ತಾ, ಕೆಂಪಾದ ಮೂಗನ್ನು ಒರೆಸಿಕೊಂಡು, ಇವಳಿಗೆ ತಲೆಬಾಗಿ ಏನೋ ಹೇಳಿದ. ಮಗ ಅನುವಾದ ಮಾಡಲಿಲ್ಲ.

ಐದನೇ ದಿನ ಮಗನಿಗೆ ಒಂದು ಸಣ್ಣ ಹುಂಜ ಸಿಕ್ಕಿತು. ಫೋಟೊ ಇದೆ.

ಸ್ಯಾನ್ ಡಿಯೇಗೋಕ್ಕೆ ಮರಳಿದ ರಾತ್ರಿ ಊರಿನಿಂದ ಚಿಕ್ಕಪ್ಪನ ಮಗನ ಫೋನ್. ನಲವತ್ತು ವರ್ಷ ದೋಣಿಯಲ್ಲಿ ದುಡಿದವನು. ಊರಲ್ಲಿ ಬೆಳಗು, ಹೊರಗೆ ಮಳೆ ಸುರಿಯುವ ಸದ್ದು ಫೋನಿನಲ್ಲೂ ಕೇಳುತ್ತಿತ್ತು. "ಕಡ್ಲ್ ಹ್ಯಾಂಗಿತ್ತ್? ಮೀನ್ ಸಿಕ್ತಾ?" ಎಂದ. ಹೆಂಡತಿಯೇ ಆಗಲೇ ಯಾರಿಗೋ ಹೇಳಿ ಸುದ್ದಿ ಹರಡಿತ್ತೆಂದು ಕಾಣುತ್ತದೆ.

ಮೊಣಕಾಲು ನೀರಿನಲ್ಲಿ ಬಾಯಿ ತೆರೆದು ನಿಂತಿದ್ದನ್ನು ಹೇಳುವುದೇ? ನಾನು ಗಂಟಲು ಸರಿಪಡಿಸಿಕೊಂಡೆ. "ಒಂದು ಬಂದಿತ್ತು ಮಾರಾಯ, ದೊಡ್ಡದು. ಕಾಲಬುಡಕ್ಕೆ. ಆದರೆ ಏನು ಮಾಡುವುದು, ಅಷ್ಟರಲ್ಲಿ ಉತ್ತರದ ಗಾಳಿ ಎದ್ದುಬಿಟ್ಟಿತು."

"ಹೌದಾ," ಎಂದ ಅವನು, ಬಹಳ ಗಂಭೀರವಾಗಿ. "ಉತ್ತರದ ಗಾಳಿ ಬಿದ್ರೆ ಆಯ್ತ್, ಮೀನ್ ಕಚ್ಚೂದಿಲ್ಲ." ಆಮೇಲೆ ನಾವಿಬ್ಬರೂ ಗಾಳಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆವು.

ಮೇಜಿನ ಮೇಲೆ ಇಕ್ಕುಳಕ್ಕೆ ಕೊಕ್ಕೆ ಸಿಕ್ಕಿಸುತ್ತಿದ್ದ ಮಗ ಎಲ್ಲವನ್ನೂ ಕೇಳಿಸಿಕೊಂಡಿದ್ದ. ನಾನು ಫೋನ್ ಇಟ್ಟ ಮೇಲೆ ತಲೆ ಎತ್ತದೆಯೇ ಹೇಳಿದ: "ಜೂನ್‌ನಲ್ಲಿ ಉತ್ತರದ್ದು ಬರಲ್ಲ ಅಪ್ಪಾ. ಮುಂದಿನ ಸಲ ಆಗ್ನೇಯದ ಗಾಳಿ ಅಂತ ಹೇಳಿ."